ಖಾನ್ದಾನು ಹುಡುಕಿದ ಬುಕಾನನ್

ಮದುವೆಯ ಮಾತುಕತೆಗೆ ಕುಳಿತಾಗ ನಮ್ಮಲ್ಲಿ ಹುಡುಗನ ಸಂಬಳಕ್ಕಿಂತ ಮೊದಲು ಬರುವುದು ಖಾನ್ದಾನಿನ ಪ್ರಶ್ನೆ. ಸಯ್ಯದರೋ, ಶೇಖರೋ, ಪಠಾಣರೋ? ದಾದಾ ಯಾವ ಊರಿನವರು? ಪರದಾದಾ ಏನು ಮಾಡುತ್ತಿದ್ದರು? ದಾದಾನ ತನಕ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಪರದಾದಾನ ಹೊತ್ತಿಗೆ ದನಿ ಸ್ವಲ್ಪ ತಗ್ಗುತ್ತದೆ. ಅಲ್ಲಿಂದಾಚೆಗೆ ಒಂದೇ ನೆಗೆತ. ಅರಬಸ್ತಾನ, ಇಲ್ಲವೆ ಬಗ್ದಾದು, ತೀರಾ ಕಡಿಮೆಯೆಂದರೆ ಬಿಜಾಪುರ. ನಡುವಿನ ಇನ್ನೂರು ಮುನ್ನೂರು ವರ್ಷ ಆ ಮನೆಯವರು ಯಾವ ಕೆಲಸ ಮಾಡಿಕೊಂಡಿದ್ದರು, ಯಾವ ಕೆರೆಯ ನೀರು ಕುಡಿದರು ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ಕೆಲವು ಮನೆಗಳಲ್ಲಿ ಶಜರಾ ಇರುತ್ತದೆ. ಉದ್ದನೆಯ ಕಾಗದದ ಮೇಲೆ ಅಂದವಾದ ಅಕ್ಷರಗಳಲ್ಲಿ ಬರೆದ ವಂಶವೃಕ್ಷ. ನಾನು ನೋಡಿದ ಶಜರಾಗಳಲ್ಲಿ ಹೆಚ್ಚಿನವುಗಳ ಮೇಲಿನ ತುದಿ ಸ್ಪಷ್ಟವಾಗಿದೆ, ಕೆಳಗಿನ ತುದಿಯೂ ಸ್ಪಷ್ಟವಾಗಿದೆ. ತೇಪೆ ಇರುವುದೆಲ್ಲ ನಡುವಿನಲ್ಲೇ.

ಇದು ನಮ್ಮವರಿಗೆ ಮಾತ್ರ ಅಂಟಿದ ಗೀಳಲ್ಲ. ವಂಶದ ಹುಚ್ಚು ಎಂದರೆ ಏನೆಂದು ತಿಳಿಯಬೇಕಾದರೆ ಸ್ಕಾಟ್ಲೆಂಡಿನ ಕಡೆ ನೋಡಬೇಕು. ಅಲ್ಲಿ ಮನೆತನಕ್ಕೊಂದು ಕುಲ, ಕುಲಕ್ಕೊಬ್ಬ ಯಜಮಾನ, ಆ ಕುಲದ ಚರಿತ್ರೆ ಹೇಳುವ ಒಂದೊಂದು ಹಳೆಯ ಪುಸ್ತಕ. ಇಂಥ ಪುಸ್ತಕಗಳನ್ನು ಹಿಡಿದು ತನ್ನ ಬೇರು ಹುಡುಕಿದ ಒಬ್ಬ ಸ್ಕಾಟ್ ಡಾಕ್ಟರನ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ. ಯಾಕೆಂದರೆ ತನ್ನ ಬೇರು ಹುಡುಕುವುದಕ್ಕೂ ಮೊದಲು ಆತ ಬೆಂಗಳೂರಿಗೆ ಬಂದು ನಮ್ಮೆಲ್ಲರ ಬೇರುಗಳ ಬಗ್ಗೆ ಬರೆದುಕೊಂಡು ಹೋಗಿದ್ದ. ಆತನೇ ಫ್ರಾನ್ಸಿಸ್ ಬುಕಾನನ್.

ಹುಟ್ಟಿದ್ದು 1762ರಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಕೆಲಸಕ್ಕೆ ಸೇರಿದ. ಓದಿದ್ದು ವೈದ್ಯವಾದರೂ ಜೀವ ಇದ್ದದ್ದು ಗಿಡಮರಗಳಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಶಹೀದನಾದ. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಯಾರು ಏನು ನೇಯುತ್ತಾರೆ, ಕಂಪೆನಿಗೆ ಏನು ಗಿಟ್ಟುತ್ತದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈತನನ್ನು ಕಳಿಸಿದ. 1800ರ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟ ಬುಕಾನನ್ 1801ರವರೆಗೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ. 1807ರಲ್ಲಿ ಆ ದಿನಚರಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟಗಳಾಗಿ ಅಚ್ಚಾಯಿತು. ಮೊದಲ ಮುದ್ರಣದ ಪ್ರತಿ ಈಗ ಕಣ್ಣಿಗೆ ಬೀಳುವುದೇ ಅಪರೂಪ. ದೆಹಲಿಯ ಏಷ್ಯನ್ ಎಜುಕೇಷನಲ್ ಸರ್ವಿಸಸ್ ಅದನ್ನು ಮರುಮುದ್ರಿಸಿತು. ಅಂತರ್ಜಾಲದಲ್ಲೂ ಪುಕ್ಕಟೆಯಾಗಿ ಓದಲು ಸಿಗುತ್ತದೆ.

ಜಯನಗರದ ಕಡೆಯಿಂದ ಲಾಲ್‌ಬಾಗಿಗೆ ಬೆಳಗಿನ ತಿರುಗಾಟಕ್ಕೆ ಹೋಗುವವರು ಈ ಪುಸ್ತಕದ ಮೊದಲ ಸಂಪುಟವನ್ನು ಒಮ್ಮೆ ಓದಬೇಕು. 1800ರ ಮೇ ತಿಂಗಳಲ್ಲಿ ಬುಕಾನನ್ ಹೈದರ್ ಮತ್ತು ಟಿಪ್ಪುವಿನ ತೋಟಗಳನ್ನು ನೋಡಲು ಬಂದಿದ್ದ. ಚೌಕ ಚೌಕವಾಗಿ ವಿಂಗಡಿಸಿದ ನೆಲ, ದಾರಿಯ ಎರಡೂ ಬದಿಗೆ ಸೈಪ್ರೆಸ್ ಮರಗಳು. ಒಂದು ಚೌಕದಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಒಂದೊಂದು ಗಿಡಕ್ಕೆ ಒಂದೊಂದು ಪಾಲು ನೆಲ ಬಿಡುವುದು ಮುಸಲ್ಮಾನರ ಪದ್ಧತಿ ಎಂದು ಗುರುತಿಸುತ್ತಾನೆ. ತೋಟದ ದೊಡ್ಡ ಕೊರತೆ ನೀರಿನದು ಎಂದೂ ಬರೆಯುತ್ತಾನೆ. (ಬೆಂಗಳೂರಿನ ಈ ಒಂದು ಮಾತು ಮಾತ್ರ ಹಳತಾಗಲೇ ಇಲ್ಲ.) ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ಕಪಿಲೆ ಹೊಡೆದು ನೀರು ಎತ್ತುತ್ತಿದ್ದರು. ಇಳಿಜಾರಿನಲ್ಲಿ ಜೋಡೆತ್ತು ಇಳಿಯುತ್ತಿದ್ದಂತೆ ಚರ್ಮದ ಚೀಲ ತುಂಬಿ ಮೇಲೆ ಬರುತ್ತಿತ್ತು. ಎತ್ತು ಹೊಡೆಯುತ್ತಿದ್ದವನ ಹೆಸರು ಪುಸ್ತಕದಲ್ಲಿಲ್ಲ.

ಆತ ಮತ್ತೆ ಬಂದು ಬೆಂಗಳೂರು ಪೇಟೆಯಲ್ಲಿ ತಂಗಿದಾಗ ಜಾತಿ ಜಾತಿಯವರನ್ನೂ ಕರೆಸಿ ದುಭಾಷಿಗಳ ಮೂಲಕ ವಿಚಾರಿಸಿದ. ಪಟ್ಟೇಗಾರರು, ಖತ್ರಿಗಳು, ದೇವಾಂಗರು, ತೊಗಟರು, ಪದ್ಮಸಾಲಿಗಳು, ಬಿಳಿಮಗ್ಗದವರು, ಮಗ್ಗ ನಡೆಸುತ್ತಿದ್ದ ಹೊಲೆಯರು. ನೀವು ಯಾರ ಮನೆಯಲ್ಲಿ ಉಣ್ಣುತ್ತೀರಿ, ಯಾರಿಗೆ ಹೆಣ್ಣು ಕೊಡುತ್ತೀರಿ, ನಿಮ್ಮ ಗುರು ಯಾರು, ಹಿರೀಕರು ಎಲ್ಲಿಂದ ಬಂದರು? ಒಬ್ಬೊಬ್ಬರ ಉತ್ತರವೂ ದಾಖಲಾಗಿದೆ. ಚನ್ನಪಟ್ಟಣದಲ್ಲಿ ಸಂಗೀತ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ನೋಡಿ ಆ ಕೆಲಸದ ವಿಧಾನ ಬರೆದಿಟ್ಟಿದ್ದಾನೆ. ಆ ತಂತಿಗೆ ಇಂಡಿಯಾದ ದೂರದೂರದ ಊರುಗಳಲ್ಲೂ ಬೇಡಿಕೆಯಿತ್ತಂತೆ. ಟಿಪ್ಪುವಿನ ನೌಕರಿಯಲ್ಲಿದ್ದು ಅನ್ನ ಕಳೆದುಕೊಂಡ ಮುಸ್ಲಿಮರು ಬೆಂಗಳೂರಿಗೆ ಬಂದು ಸೇರುತ್ತಿದ್ದುದನ್ನೂ ಕಂಡ. ಕೈಯಲ್ಲಿ ಕಾಸಿದ್ದವರು ವ್ಯಾಪಾರಕ್ಕೆ ಇಳಿದರು, ಇಲ್ಲದವರು ಕೂಲಿ ಬೇಸಾಯಕ್ಕೆ. ನಮ್ಮ ಶಜರಾಗಳ ನಡುವಿನ ತೇಪೆ ಇದೆಯಲ್ಲ, ಅದರ ಅಡಿಯಲ್ಲಿ ಏನಿತ್ತೆಂಬುದಕ್ಕೆ ಇಷ್ಟು ನೇರವಾದ ಸಾಕ್ಷಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ನಿನ್ನೆಯ ತನಕ ಕತ್ತಿ ಹಿಡಿದಿದ್ದ ಕೈ ಇಂದು ನೇಗಿಲು ಹಿಡಿದಿತ್ತು. ಶಜರಾ ಬರೆದವರಿಗೆ ಅದು ಬರೆಯತಕ್ಕ ವಿಷಯವಾಗಿ ಕಾಣಲಿಲ್ಲ.

ಬುಕಾನನ್ ಕಂಪೆನಿಯ ಮನುಷ್ಯ ಎಂಬುದನ್ನು ಮರೆಯುವಂತಿಲ್ಲ. ಟಿಪ್ಪುವಿನ ಬಗ್ಗೆ ಗೆದ್ದವರ ಭಾಷೆಯಲ್ಲೇ ಮಾತಾಡುತ್ತಾನೆ. ಆದರೆ ಬೆಳೆ, ಬಾವಿ, ಮಗ್ಗ, ಕೂಲಿ ಎಂದು ಇಳಿದಾಗ ಆತನ ಕಣ್ಣು ಸುಳ್ಳು ಹೇಳುವುದು ಕಡಿಮೆ.

1815ರಲ್ಲಿ ಆತ ಇಂಡಿಯಾ ಬಿಟ್ಟ. ಅಷ್ಟರಲ್ಲಿ ನೇಪಾಳ ನೋಡಿದ್ದ, ಬಂಗಾಳ ಬಿಹಾರಗಳ ಸರ್ವೆ ಮಾಡಿದ್ದ, ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಣೆ ನಡೆಸಿದ್ದ. ಊರಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದು, ಅದರ ಜೊತೆಗೆ ಹ್ಯಾಮಿಲ್ಟನ್ ಎಂಬ ಹೆಸರೂ ಅಂಟಿಕೊಂಡಿತು. ಆಮೇಲೆ ಶುರುವಾದದ್ದು ತಂದೆಯ ಕಡೆಯ ಹುಡುಕಾಟ. ಬುಕಾನನ್ ಕುಲದ ಯಜಮಾನ 1680ರ ದಶಕದ ಆರಂಭದಲ್ಲಿ ಗಂಡು ಸಂತಾನವಿಲ್ಲದೆ ತೀರಿಕೊಂಡಿದ್ದ. ಸಾಲಕ್ಕೆ ಜಮೀನೆಲ್ಲ ಕೈಬಿಟ್ಟಿತ್ತು. ಯಜಮಾನಿಕೆ ಯಾರಿಗೆ ಬರಬೇಕೆಂಬುದು ತೀರ್ಮಾನವಾಗದೆ ಉಳಿದಿತ್ತು. ಬೆಂಗಳೂರಿನ ನೇಕಾರರನ್ನು ಎದುರಿಗೆ ಕೂರಿಸಿಕೊಂಡು ನಿಮ್ಮ ಹಿರೀಕರು ಯಾರು ಎಂದು ಕೇಳಿದ ಮನುಷ್ಯ ಈಗ ಅದೇ ಪ್ರಶ್ನೆಯನ್ನು ತನಗೇ ಕೇಳಿಕೊಂಡು ಕಾಗದಪತ್ರಗಳ ನಡುವೆ ಕುಳಿತ. 1826ರಲ್ಲಿ ಕುಲದ ಯಜಮಾನಿಕೆ ತನ್ನದೆಂದು ಸಾಕ್ಷಿ ಸಮೇತ ಹಕ್ಕು ಮಂಡಿಸಿದ. 1829ರಲ್ಲಿ ತೀರಿಕೊಂಡ.

ಈ ಹುಡುಕಾಟಕ್ಕೆ ಇದ್ದ ಮುಖ್ಯ ಪುಸ್ತಕವೊಂದು 1723ರಲ್ಲೇ ಅಚ್ಚಾಗಿತ್ತು. ಅದೇ ಕುಲದ ಆಕ್‌ಮಾರ್ ಶಾಖೆಯ ವಿಲಿಯಂ ಬುಕಾನನ್ ಬರೆದ ಕುಲಚರಿತ್ರೆ. ಅದರಲ್ಲಿ ಮೂಲಪುರುಷನ ಕಥೆ ಹೀಗಿದೆ: ಐರ್ಲೆಂಡಿನ ಅಲ್‌ಸ್ಟರ್ ಕಡೆಯ ಒಬ್ಬ ದೊರೆಯ ಮಗ, ಆನ್ಸೆಲಾನ್ ಓ ಕಯಾನ್ ಎಂಬುವನು. ಡೇನರ ಔತಣಕೂಟಕ್ಕೆ ಮೀಸೆ ಮೂಡದ ಹುಡುಗರು ಹೆಣ್ಣಿನ ಉಡುಪು ತೊಟ್ಟು ಹೋಗಿ ಅವರನ್ನು ಇರಿದು ಕೊಂದರು. ಆ ಹುಡುಗರಲ್ಲಿ ಈತನೂ ಒಬ್ಬ. ಆಮೇಲೆ ತಲೆ ಉಳಿಸಿಕೊಳ್ಳಲು ಕಡಲು ದಾಟಿ 1016ರ ಹೊತ್ತಿಗೆ ಸ್ಕಾಟ್ಲೆಂಡಿಗೆ ಬಂದು, ಅಲ್ಲಿನ ರಾಜ ಎರಡನೆಯ ಮಾಲ್ಕಮನ ಪರವಾಗಿ ಕಾದಾಡಿ ಜಮೀನು ಇನಾಮು ಪಡೆದ.

ಈ ಕಥೆ ಓದಿದಾಗ ನನಗೆ ನಗು ಬಂತು. ಕಡಲಾಚೆಯ ನಾಡು, ರಾಜವಂಶ, ಗಂಡಾಂತರ, ಹಡಗು, ಹೊಸ ಸುಲ್ತಾನನ ದರ್ಬಾರಿನಲ್ಲಿ ಮರ್ಯಾದೆ. ಹೆಸರು ಬದಲಾಯಿಸಿದರೆ ನಮ್ಮ ಯಾವ ಶಜರಾಕ್ಕಾದರೂ ಹೊಂದುತ್ತದೆ. ಹೈದರಾಲಿಯ ವಂಶದ ವಿಷಯವನ್ನೇ ನೋಡಿ. ಆ ದರ್ಬಾರಿನ ಚರಿತ್ರಕಾರ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಫಾರ್ಸಿಯಲ್ಲಿ ಬರೆದ ‘ನಿಶಾನೆ ಹೈದರಿ’ ವಂಶದ ಬೇರನ್ನು ಮಕ್ಕೆಯ ಖುರೈಷರ ತನಕ ಒಯ್ಯುತ್ತದೆ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಿಂದ ಪ್ರಕಟಿಸಿದ ತನ್ನ ಚರಿತ್ರೆಯಲ್ಲಿ ಪಂಜಾಬಿನಿಂದ ಗುಲ್ಬರ್ಗದ ಕಡೆಯ ಆಳಂದಕ್ಕೆ ಬಂದ ಒಬ್ಬ ಧಾರ್ಮಿಕ ವ್ಯಕ್ತಿಯಿಂದ ಶುರುಮಾಡಿ, ಅವನ ಮಕ್ಕಳು ಶಿರಾದಲ್ಲಿ ಸುಂಕದ ಕಟ್ಟೆಯ ಪೇದೆಗಳಾಗಿದ್ದರು ಎನ್ನುತ್ತಾನೆ. ವಿಲ್ಕ್ಸ್‌ಗೆ ಹೈದರನನ್ನು ಸಣ್ಣವನನ್ನಾಗಿ ತೋರಿಸುವ ಆಸೆ ಇತ್ತು, ಕಿರ್ಮಾನಿಗೆ ದೊಡ್ಡವನನ್ನಾಗಿ ತೋರಿಸುವ ಆಸೆ. ಇಬ್ಬರ ಕಥೆಯಲ್ಲೂ ಗುಲ್ಬರ್ಗ ಬರುತ್ತದೆ. ಹೈದರನ ತಂದೆ ಫತೇ ಮಹಮ್ಮದನ ಮಕ್ಬರಾ ಕೋಲಾರದಲ್ಲಿ ಇಂದಿಗೂ ಇದೆ. ನನ್ನನ್ನು ಕೇಳಿದರೆ ಸುಂಕದ ಕಟ್ಟೆಯ ಪೇದೆಯ ಮೊಮ್ಮಗ ಸಿಂಹಾಸನವೇರಿದ್ದು ಖುರೈಷರ ಕುಡಿ ಏರಿದ್ದಕ್ಕಿಂತ ಹೆಚ್ಚಿನ ಸಂಗತಿ. ದರ್ಬಾರಿನಲ್ಲಿ ಆ ಕಾಲಕ್ಕೆ ಇದನ್ನು ಹೇಳುವ ಧೈರ್ಯ ಯಾರಿಗಿತ್ತು?

ಬುಕಾನನ್ ಕುಲದ ಕಥೆ 1826ಕ್ಕೆ ಮುಗಿಯಲಿಲ್ಲ. ಫ್ರಾನ್ಸಿಸನ ತರುವಾಯ ಯಜಮಾನಿಕೆಯ ಮಾತು ಮತ್ತೆ ಹಿಂದೆ ಸರಿಯಿತು. ನಮ್ಮ ಕಾಲದಲ್ಲಿ ಹ್ಯೂ ಪೆಸ್ಕೆಟ್ ಎಂಬ ವಂಶಾವಳಿ ತಜ್ಞ ಸುಮಾರು ಹತ್ತು ವರ್ಷ ಹಳೆಯ ದಾಖಲೆಗಳನ್ನು ತಿರುವಿ ಹಾಕಿದ. ಅಮೆರಿಕದ ಅಧ್ಯಕ್ಷನಾಗಿದ್ದ ರೇಗನ್ನನ ಐರಿಷ್ ಬೇರು ಹುಡುಕಿಕೊಟ್ಟವನೂ ಈತನೇ. ಅದರ ಆಧಾರದ ಮೇಲೆ, ಸ್ಕಾಟ್ಲೆಂಡಿನಲ್ಲಿ ಇಂಥ ವ್ಯಾಜ್ಯಗಳನ್ನು ತೀರ್ಮಾನಿಸುವ ಲಾರ್ಡ್ ಲಯನ್ ಎಂಬ ಅಧಿಕಾರಿ 2018ರಲ್ಲಿ ಜಾನ್ ಮೈಕೆಲ್ ಬೈಲಿ ಹ್ಯಾಮಿಲ್ಟನ್ ಬುಕಾನನ್ ಎಂಬುವರನ್ನು ಕುಲದ ಯಜಮಾನರೆಂದು ಒಪ್ಪಿಕೊಂಡ. 2022ರ ಅಕ್ಟೋಬರಿನಲ್ಲಿ ಪಟ್ಟಾಭಿಷೇಕದಂಥ ಸಮಾರಂಭ ನಡೆಯಿತು. ಮುನ್ನೂರು ವರ್ಷಕ್ಕೂ ಮೀರಿ ಖಾಲಿ ಇದ್ದ ಗಾದಿ ತುಂಬಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಕ್ಕು ಸಾಬೀತಾಗಿದ್ದು ಆನ್ಸೆಲಾನನ ಕಥೆಯಿಂದಲ್ಲ, ಜಮೀನಿನ ಪತ್ರ, ಉಯಿಲು, ಮದುವೆಯ ಒಪ್ಪಂದಗಳಿಂದ. ಜಮೀನು ಇದ್ದವನಿಗೆ ಕಾಗದ ಇರುತ್ತದೆ, ಕಾಗದ ಇದ್ದವನಿಗೆ ಅಜ್ಜ ಇರುತ್ತಾನೆ. ಅದೇ ನಾಡಿನ ಗೇಣಿದಾರರ ಗತಿ ಬೇರೆ. ಕುರಿ ಸಾಕಿದರೆ ಹೆಚ್ಚು ಲಾಭವೆಂದು ಜಮೀನ್ದಾರರು ಹದಿನೆಂಟು ಹತ್ತೊಂಬತ್ತನೇ ಶತಮಾನಗಳಲ್ಲಿ ಊರಿಗೆ ಊರನ್ನೇ ಒಕ್ಕಲೆಬ್ಬಿಸಿದರು. ಜನ ಕೆನಡಾಕ್ಕೆ, ಅಮೆರಿಕಕ್ಕೆ, ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದರು. ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಇಂದು ಬೇರು ಹುಡುಕಿಕೊಂಡು ವಾಪಸು ಬರುತ್ತಾರೆ. ಕುಲಚರಿತ್ರೆಗಳಲ್ಲಿ ಅವರ ಅಜ್ಜಂದಿರ ಹೆಸರಿಲ್ಲ. ಹೆಸರು ಸಿಕ್ಕಿದರೆ ಸಿಗುವುದು ಚರ್ಚಿನ ರಿಜಿಸ್ಟರಿನಲ್ಲಿ. ಅವುಗಳಲ್ಲಿ ಅತಿ ಹಳೆಯದು 1553ರದ್ದು, ಎರೋಲ್ ಎಂಬ ಊರಿನದು. ಸರ್ಕಾರವೇ ಜನನ ಮರಣಗಳನ್ನು ಕಡ್ಡಾಯವಾಗಿ ಬರೆಯತೊಡಗಿದ್ದು 1855ರಿಂದ. ಬರೀ ಹೆಸರು, ತಾರೀಖು ಸಿಕ್ಕಿದರೆ ಅಜ್ಜನ ಬದುಕು ಹೇಗಿತ್ತೆಂದು ತಿಳಿಯುವುದಿಲ್ಲವಲ್ಲ. ಅದಕ್ಕೆ ಅವರು ತೆಗೆಯುವುದು ಇನ್ನೊಂದು ಬಗೆಯ ಪುಸ್ತಕ. ಸರ್ ಜಾನ್ ಸಿಂಕ್ಲೇರ್ 1791ರಿಂದ 1799ರವರೆಗೆ ಇಪ್ಪತ್ತೊಂದು ಸಂಪುಟಗಳಲ್ಲಿ ಹೊರತಂದ ಸ್ಕಾಟ್ಲೆಂಡಿನ ಅಂಕಿಅಂಶಗಳ ಚರಿತ್ರೆ. ಊರೂರಿನ ಪಾದ್ರಿಗಳಿಗೆ ಪ್ರಶ್ನೆಪಟ್ಟಿ ಕಳಿಸಿ, ಎಷ್ಟು ಮನೆ, ಏನು ಬೆಳೆ, ಆಳಿನ ಕೂಲಿ ಎಷ್ಟು, ಎಷ್ಟು ಜನ ಊರು ಬಿಟ್ಟರು ಎಂದೆಲ್ಲ ಬರೆಸಿ ತರಿಸಿದ. ಹೆಸರನ್ನು ರಿಜಿಸ್ಟರಿನಿಂದ ತೆಗೆದುಕೊಳ್ಳುತ್ತಾರೆ, ಬದುಕನ್ನು ಈ ಸಂಪುಟಗಳಿಂದ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅಜ್ಜ ಎದ್ದು ನಿಲ್ಲುತ್ತಾನೆ. ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್ ತನ್ನಲ್ಲಿರುವ ಅಪರೂಪದ ನೂರಾರು ಕುಲಚರಿತ್ರೆಗಳನ್ನು ಯಾರು ಬೇಕಾದರೂ ಓದಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟಿದೆ.

ನಮಗೆ ಸಿಂಕ್ಲೇರ್ ಇಲ್ಲ, ಆದರೆ ಬುಕಾನನ್ ಇದ್ದಾನೆ. ಬಿ. ಎಲ್. ರೈಸ್ ಮೊದಲು 1877ರಲ್ಲಿ, ಮತ್ತೆ ಪರಿಷ್ಕರಿಸಿ 1897ರಲ್ಲಿ ತಂದ ಮೈಸೂರು ಗೆಜೆಟಿಯರ್ ಇದೆ. ಹತ್ತಿ ಹಿಂಜುವ ಪಿಂಜಾರರು, ಚನ್ನಪಟ್ಟಣದಲ್ಲಿ ನೆಲೆಸಿ ಪಶ್ಚಿಮ ಕರಾವಳಿಯ ಜೊತೆ ರೇಷ್ಮೆ ವ್ಯಾಪಾರ ನಡೆಸುತ್ತಿದ್ದ ಮಹದವಿ ಪಂಥದ ದಾಯರಾದವರು ಅದರಲ್ಲಿ ಬರುತ್ತಾರೆ. ಇನ್ನೊಂದು ದೊಡ್ಡ ಗಣಿ ಮೆಕೆಂಜಿಯ ಕೈಫಿಯತ್ತುಗಳು. ಕರ್ನಲ್ ಕಾಲಿನ್ ಮೆಕೆಂಜಿಯೂ ಸ್ಕಾಟ್, ಲೂಯಿಸ್ ದ್ವೀಪದ ಸ್ಟಾರ್ನೊವೇ ಊರಿನವನು. ಆತ ಈ ಹುಚ್ಚಿಗೆ ಬಿದ್ದದ್ದೂ ಒಂದು ಸ್ಕಾಟಿಷ್ ವಂಶಚರಿತ್ರೆಯ ದೆಸೆಯಿಂದಲೇ. ನೇಪಿಯರ್ ಎಂಬ ಪ್ರಭು ತನ್ನ ಪೂರ್ವಜ ಜಾನ್ ನೇಪಿಯರನ ಜೀವನಚರಿತ್ರೆ ಬರೆಯಹೊರಟಿದ್ದ. ಗಣಿತದಲ್ಲಿ ಲಾಗರಿದಮ್ ಕಂಡುಹಿಡಿದ ಮಹಾಶಯ ಈ ಜಾನ್ ನೇಪಿಯರ್. ಹಿಂದೂಗಳಿಗೆ ಆ ವಿದ್ಯೆ ಮೊದಲೇ ಗೊತ್ತಿತ್ತೇ ಎಂದು ಪತ್ತೆ ಮಾಡಲು ತರುಣ ಮೆಕೆಂಜಿಯ ನೆರವು ಪಡೆದ. ಪ್ರಭು 1773ರಲ್ಲಿ ತೀರಿಕೊಂಡ, ಪುಸ್ತಕ ಆಗಲಿಲ್ಲ. ಮೆಕೆಂಜಿ 1783ರಲ್ಲಿ ಇಂಡಿಯಾಕ್ಕೆ ಬಂದ. ಮಧುರೆಯಲ್ಲಿ ಆ ಪ್ರಭುವಿನ ಮಗಳ ಮನೆಯಲ್ಲೇ ಪಂಡಿತರ ಪರಿಚಯವಾಯಿತು. ಮುಂದೆ ಮೈಸೂರು ಸರ್ವೆಯ ಕಾಲದಲ್ಲಿ ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಸೋದರರು ಮತ್ತು ಅವರ ಸಂಗಡಿಗರ ಕೈಯಲ್ಲಿ ಊರೂರಿನ ಕೈಫಿಯತ್ತು ಬರೆಸಿದ. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕನ್ನಡ ಕೈಫಿಯತ್ತುಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ನಮ್ಮ ಹುಡುಗರು ಅದನ್ನು ಹಿಂದೂ ಪಾಳೆಯಗಾರರ ಚರಿತ್ರೆ ಎಂದುಕೊಂಡು ಮುಟ್ಟುವುದಿಲ್ಲ. ತೆರೆದರೆ ಖಾಜಿಗಳು, ಕಿಲ್ಲೇದಾರರು, ದರ್ಗಾದ ಇನಾಮುಗಳು ಕಾಣಿಸುತ್ತವೆ.

ಇದೆಲ್ಲ ಪುರಸೊತ್ತು ಇದ್ದವರ ಹವ್ಯಾಸ ಎನ್ನುವವರು ಬುಕಾನನ್ನನ ಇನ್ನೊಂದು ಬರಹವನ್ನು ನೋಡಬೇಕು. ಮೈಸೂರಿಗೆ ಬರುವ ಮೊದಲು, 1795ರಲ್ಲಿ, ಆತ ಕಂಪೆನಿಯ ರಾಯಭಾರಿಯ ಜೊತೆ ಡಾಕ್ಟರನಾಗಿ ಬರ್ಮಾಕ್ಕೆ ಹೋಗಿದ್ದ. ಅಲ್ಲಿನ ಭಾಷೆಗಳ ಪದಪಟ್ಟಿಯೊಂದನ್ನು ತಯಾರಿಸಿ 1799ರಲ್ಲಿ ‘ಏಷಿಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಪ್ರಕಟಿಸಿದ. ಅರಕಾನಿನಲ್ಲಿ ಬಹುಕಾಲದಿಂದ ನೆಲೆಸಿರುವ ಮುಸಲ್ಮಾನರು ತಮ್ಮನ್ನು ‘ರೂಇಂಗಾ’ ಎಂದು ಕರೆದುಕೊಳ್ಳುತ್ತಾರೆ ಎಂದು ಅದರಲ್ಲಿ ಹೇಳಿದ್ದಾನೆ. ರೂಇಂಗಾ ಎಂದರೆ ರೋಹಿಂಗ್ಯಾ. ಬರ್ಮಾದ 1982ರ ಪೌರತ್ವ ಕಾನೂನು 1823ಕ್ಕೆ ಮೊದಲೇ ನೆಲೆಸಿದ ಜನಾಂಗಗಳನ್ನು ಮಾತ್ರ ಮೂಲದವರೆಂದು ಎಣಿಸುತ್ತದೆ. ಅಲ್ಲಿನ ಸರ್ಕಾರದ ಪ್ರಕಾರ ರೋಹಿಂಗ್ಯಾ ಎಂಬ ಜನವೇ ಇಲ್ಲ, ಅವರೆಲ್ಲ ಇಂಗ್ಲಿಷರ ಕಾಲದಲ್ಲಿ ಬಂದ ಬಂಗಾಳಿಗಳು. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಂದಿ ಸುಡುವ ಮನೆಗಳನ್ನು ಬಿಟ್ಟು ಬಾಂಗ್ಲಾದೇಶಕ್ಕೆ ಓಡಿದರು. ಅವರ ಪರವಾಗಿ ಮಾತಾಡುವವರು ಇಂದಿಗೂ ಎತ್ತಿ ತೋರಿಸುವ ಹಳೆಯ ಸಾಕ್ಷಿಗಳಲ್ಲಿ ಮೊದಲನೆಯದು ಬುಕಾನನ್ ಬರೆದ ಆ ಒಂದು ಪದ. ಒಂದು ಜನಾಂಗದ ಹಕ್ಕು ಒಬ್ಬ ಸ್ಕಾಟ್ ಡಾಕ್ಟರನ ಕಿವಿಗೆ ಬಿದ್ದ ಪದದ ಮೇಲೆ ನಿಲ್ಲಬೇಕೆಂಬುದು ಅನ್ಯಾಯವೇ. ಆದರೂ ಆ ಪದ ಬರೆಯದೆ ಬಿಟ್ಟಿದ್ದರೆ?

ನಮ್ಮಲ್ಲಿ 2019ರ ಆಗಸ್ಟ್ 31ರಂದು ಅಸ್ಸಾಮಿನ ಪೌರರ ಪಟ್ಟಿ ಹೊರಬಿದ್ದಾಗ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. ಅದೇ ವರ್ಷದ ಕೊನೆಗೆ ಪೌರತ್ವ ತಿದ್ದುಪಡಿ ಕಾನೂನು ಬಂತು. ತಿಲಕನಗರ, ಗುರಪ್ಪನಪಾಳ್ಯ, ಇಲಿಯಾಸ್ ನಗರ, ಯಾರಬ್ ನಗರಗಳ ಮನೆಗಳಲ್ಲಿ ಆಗ ಟ್ರಂಕುಗಳು ತೆರೆದವು. ದಾದಾನ ಹೆಸರು ರೇಷನ್ ಕಾರ್ಡಿನಲ್ಲಿ ಒಂದು ಥರ, ಶಾಲೆಯ ಟಿ.ಸಿ.ಯಲ್ಲಿ ಇನ್ನೊಂದು ಥರ. ಅಬ್ದುಲ್ ಒಂದು ಕಡೆ ಅಂಟಿಕೊಂಡಿದೆ, ಇನ್ನೊಂದು ಕಡೆ ಬಿಟ್ಟುಹೋಗಿದೆ. ಬಗ್ದಾದಿನ ತನಕ ಹೋಗುವ ಶಜರಾ ಆ ದಿನಗಳಲ್ಲಿ ಯಾರ ಕೆಲಸಕ್ಕೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ, ಪರನಾಡಿನಿಂದ ಬಂದವರೆಂದು ನಾವೇ ಬರೆದುಕೊಟ್ಟ ಕಾಗದವದು. ಬೇಕಾಗಿದ್ದದ್ದು ಇದೇ ಮಣ್ಣಿನ ಒಂದು ತುಂಡು ಕಾಗದ. ಗೇಣಿ ರಸೀದಿ, ಖಾಜಿಯ ಸಿಯಾಹೆಯ ಒಂದು ಪುಟ, ಮಸೀದಿಯ ಲೆಕ್ಕದ ಪುಸ್ತಕದಲ್ಲಿ ಚಂದಾ ಕೊಟ್ಟವರ ಪಟ್ಟಿ. ಹಳೆಯ ಚರಿತ್ರೆಯ ಪುಸ್ತಕ ಯಾವ ಕಚೇರಿಯಲ್ಲೂ ದಾಖಲೆಯಾಗಿ ನಡೆಯುವುದಿಲ್ಲ ನಿಜ. ಆದರೆ ಯಾವ ಊರಿನ ಯಾವ ಕಡತ ಹುಡುಕಬೇಕೆಂದು ತೋರಿಸಿಕೊಡುವುದು ಅದೇ.

ದಕ್ಷಿಣ ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಜಯನಗರ 1948ರಲ್ಲಿ ಹುಟ್ಟಿದ್ದು. ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳು ಅದಕ್ಕಿಂತ ಎಳೆಯವು. ಹಳೆಯ ಪುಸ್ತಕಗಳಲ್ಲಿ ಈ ಹೆಸರುಗಳನ್ನು ಹುಡುಕಿದರೆ ಏನೂ ಸಿಗದು. ಸಿದ್ದಾಪುರ, ಬೈರಸಂದ್ರ, ಯಡಿಯೂರು, ಮಾರೇನಹಳ್ಳಿ, ಸಾರಕ್ಕಿ, ತಾವರೆಕೆರೆ, ಮಡಿವಾಳ ಎಂದು ಹುಡುಕಬೇಕು. ಬೇಗೂರಿನ ವೀರಗಲ್ಲಿನಲ್ಲಿ ಸುಮಾರು ಕ್ರಿ.ಶ. 890ರಷ್ಟು ಹಿಂದೆಯೇ ಬೆಂಗಳೂರಿನ ಕಾಳಗದ ಮಾತು ಬಂದಿದೆ. ಅದನ್ನು ಓದಿ ಅಚ್ಚು ಹಾಕಿಸಿದ್ದು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಸಂಪುಟದಲ್ಲಿ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಿಂದ ಇರುವ ಸಂಸ್ಥೆ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ, ಜಯನಗರದಿಂದ ನಡೆದೇ ಹೋಗಬಹುದು. ಎರಡೂ ಕಡೆ ಒಳ್ಳೆಯ ಗ್ರಂಥಾಲಯಗಳಿವೆ.

ಬುಕಾನನ್ನನನ್ನು ಓದಲು ಕೂರುವವರಿಗೆ ಒಂದು ಮಾತು. ಅವನ ಕಾಗುಣಿತ ನೋಡಿ ಗಾಬರಿಯಾಗಬೇಡಿ. ಹೊಲೆಯರು ಅಲ್ಲಿ ‘ವ್ಹಲ್ಲಿಯಾರು’, ಬಿಳಿಮಗ್ಗದವರು ‘ಬಿಲಿ ಮುಗ್ಗಾರು’, ಒಕ್ಕಲಿಗರು ‘ವೊಕುಲಿಗಾರು’. ಕಣ್ಣಿನಿಂದ ಓದಿದರೆ ಯಾವ ನಾಡಿನ ಜನವೋ ಅನ್ನಿಸುತ್ತದೆ. ಗಟ್ಟಿಯಾಗಿ, ಸ್ವಲ್ಪ ನಿಧಾನವಾಗಿ ಉಚ್ಚರಿಸಿದರೆ ನಮ್ಮ ನೆರೆಮನೆಯವರೇ ಒಬ್ಬೊಬ್ಬರಾಗಿ ಹೊರಗೆ ಬರುತ್ತಾರೆ. ಮೊದಲ ಸಂಪುಟದಲ್ಲಿ ಚನ್ನಪಟ್ಟಣದ ಪುಟಗಳಿಂದ ಶುರುಮಾಡಿ. ಉಕ್ಕಿನ ತಂತಿ ಎಳೆಯುವ ವಿಧಾನ ಅಲ್ಲಿ ವಿವರವಾಗಿ ಸಿಗುತ್ತದೆ. ಎಳೆಯುತ್ತಿದ್ದವರ ಹೆಸರನ್ನು ಚನ್ನಪಟ್ಟಣಕ್ಕೆ ಹೋಗಿಯೇ ವಿಚಾರಿಸಬೇಕು.